ಮಾಸ್ಟರ್ ಬ್ರೌಸರ್ ಸಂಘರ್ಷ

ವಿಂಡೋಸ್ ಜಾಲದಲ್ಲಿ ಯಾವ ಯಾವ ಕಂಪ್ಯೂಟರುಗಳು ಹಾಜರಿವೆ ಎಂಬ ಪಟ್ಟಿಯನ್ನು ಇಟ್ಟುಕೊಂಡು ಕೇಳಿದವರಿಗೆ ಒದಗಿಸುವ ಯಂತ್ರಕ್ಕೆ ಮಾಸ್ಟರ್ ಬ್ರೌಸರ್ ಎಂದು ಹೆಸರು. ಒಂದು ಸಬ್‌ನೆಟ್ಟಿನಲ್ಲಿ ಒಂದು ಡೊಮೇನಿಗೆ ಅಂಥದ್ದು ಒಂದೇ ಇರಬೇಕು. ಎರಡು ಯಂತ್ರಗಳು ಆ ಹುದ್ದೆ ತಮ್ಮದೇ ಎಂದು ಏಕಕಾಲಕ್ಕೆ ಸಾರತೊಡಗಿದರೆ ಅದು ಮಾಸ್ಟರ್ ಬ್ರೌಸರ್ ಸಂಘರ್ಷ. ಸರ್ವರಿನ ಸಿಸ್ಟಂ ಲಾಗಿನಲ್ಲಿ 8003 ಎಂಬ ಸಂಖ್ಯೆಯ ದೂರು ಮತ್ತೆ ಮತ್ತೆ ಕಾಣಿಸಿಕೊಳ್ಳುವುದು ಇದರ ಮುಖ್ಯ ಗುರುತು. ಇಲ್ಲಿನ ಬ್ರೌಸರಿಗೂ ವೆಬ್ ಪುಟ ತೋರಿಸುವ ಬ್ರೌಸರಿಗೂ ಸಂಬಂಧವಿಲ್ಲ. ವಿಂಡೋಸ್ 95ರ ಪರದೆಯ ಮೇಲಿದ್ದ ‘ನೆಟ್‌ವರ್ಕ್ ನೇಬರ್‌ಹುಡ್’ ಚಿತ್ರವನ್ನು ಒತ್ತಿದಾಗ ತೆರೆದುಕೊಳ್ಳುತ್ತಿದ್ದ ಯಂತ್ರಗಳ ಸಾಲು ಈ ವ್ಯವಸ್ಥೆಯ ಫಲ.

8003ರ ಒಕ್ಕಣೆ ಗಮನಾರ್ಹ. ಇಂಥ ಹೆಸರಿನ ಯಂತ್ರ ‘ತಾನೇ ಮಾಸ್ಟರ್ ಎಂದು ನಂಬಿಕೊಂಡಿದೆ’, ಆದ್ದರಿಂದ ಈ ಮಾಸ್ಟರ್ ನಿಲ್ಲುತ್ತಿದೆ ಅಥವಾ ಚುನಾವಣೆ ಕರೆಯಲಾಗುತ್ತಿದೆ ಎಂಬುದು ಅದರ ಸಾರಾಂಶ. ನಂಬಿಕೊಂಡಿದೆ ಎಂಬ ಕ್ರಿಯಾಪದದಲ್ಲೇ ರೋಗದ ಮೂಲ ಅಡಗಿದೆ. ಕಾದಾಡುವ ಎರಡು ಯಂತ್ರಗಳಲ್ಲಿ ಸಾಮಾನ್ಯವಾಗಿ ಯಾವುದೂ ನಿಯಮ ಮುರಿದಿರುವುದಿಲ್ಲ. ಒಂದರ ಕೂಗು ಇನ್ನೊಂದರ ಕಿವಿಗೆ ಬಿದ್ದಿರುವುದಿಲ್ಲ, ಅಷ್ಟೆ. ಚುನಾವಣೆಯ ಲೆಕ್ಕಾಚಾರವನ್ನು ಅನುಮಾನಿಸುತ್ತ ಕೂತವರಿಗೆ ಕಾರಣ ಸಿಗುವುದು ಅಪರೂಪ. ಯಾರಿಗೆ ಯಾರ ಮಾತು ಕೇಳುತ್ತಿಲ್ಲ ಎಂದು ಹುಡುಕಿದವರಿಗೆ ಬೇಗ ಸಿಗುತ್ತದೆ.

ಹಿನ್ನೆಲೆ

ಈ ಏರ್ಪಾಟಿನ ಬೇರು ನೆಟ್‌ಬಯಾಸ್‌ನಲ್ಲಿದೆ. 1983ರಲ್ಲಿ ಐಬಿಎಂ ಕಂಪನಿಯ ಪಿಸಿ ನೆಟ್‌ವರ್ಕಿಗಾಗಿ ಸೈಟೆಕ್ ಸಂಸ್ಥೆ ರೂಪಿಸಿದ ನೆಟ್‌ಬಯಾಸ್, ಒಂದೇ ಕೇಬಲ್ಲಿಗೆ ಜೋತುಬಿದ್ದ ಸಣ್ಣ ಗುಂಪಿನ ಯಂತ್ರಗಳನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ಅಲ್ಲಿ ಹೆಸರು ನೋಂದಾಯಿಸುವ ಕಚೇರಿ ಇರಲಿಲ್ಲ. ‘ಈ ಹೆಸರು ನನ್ನದು, ತಕರಾರಿದ್ದವರು ಹೇಳಿ’ ಎಂದು ಎಲ್ಲರಿಗೂ ಕೇಳುವಂತೆ ಡಂಗುರ ಹೊಡೆಯುವುದು, ತಕರಾರು ಬಾರದಿದ್ದರೆ ಹೆಸರು ದಕ್ಕಿತೆಂದು ತಿಳಿಯುವುದು, ಇಷ್ಟೇ ಕ್ರಮ. 1987ರ ಮಾರ್ಚಿನಲ್ಲಿ ಹೊರಬಂದ ಆರ್‌ಎಫ್‌ಸಿ 1001 ಮತ್ತು 1002 ಇದೇ ಪದ್ಧತಿಯನ್ನು ಟಿಸಿಪಿ/ಐಪಿ ಮೇಲೆ ಕೂರಿಸಿದವು. ಹೆಸರಿನ ವ್ಯವಹಾರಕ್ಕೆ ಯುಡಿಪಿ 137, ಡಂಗುರದ ಮಾತಿಗೆ ಯುಡಿಪಿ 138, ಕಡತಗಳ ವಹಿವಾಟಿಗೆ ಟಿಸಿಪಿ 139 ಎಂದು ಪೋರ್ಟುಗಳು ಗೊತ್ತಾದವು.

1992ರ ವಿಂಡೋಸ್ ಫಾರ್ ವರ್ಕ್‌ಗ್ರೂಪ್ಸ್ ಮತ್ತು 1993ರ ವಿಂಡೋಸ್ ಎನ್‌ಟಿ 3.1 ಈ ತಳಹದಿಯ ಮೇಲೆ ಬ್ರೌಸಿಂಗ್ ಕಟ್ಟಿದವು. ಪಟ್ಟಿಗಾಗಿ ಪ್ರತಿ ಯಂತ್ರವೂ ಮಿಕ್ಕೆಲ್ಲ ಯಂತ್ರಗಳನ್ನು ಕೇಳುತ್ತ ಹೋದರೆ ಜಾಲ ಗದ್ದಲದಲ್ಲೇ ಮುಳುಗುತ್ತದೆ. ಹಾಗಾಗಿ ಒಂದು ಯಂತ್ರ ಪಟ್ಟಿ ಬರೆದಿಟ್ಟುಕೊಳ್ಳಲಿ, ಮಿಕ್ಕವು ಅದನ್ನು ಕೇಳಲಿ ಎಂಬ ಯೋಜನೆ ಬಂತು. ಬರೆಯುವವರನ್ನು ಆಡಳಿತಗಾರ ನೇಮಿಸುವುದಿಲ್ಲ, ಯಂತ್ರಗಳೇ ಚುನಾಯಿಸಿಕೊಳ್ಳುತ್ತವೆ. ನಾಲ್ಕು ಯಂತ್ರಗಳ ಸಣ್ಣ ಕಚೇರಿಗೆ ಇದು ವರದಾನ. ನೂರಾರು ಯಂತ್ರ, ಹತ್ತಾರು ಸಬ್‌ನೆಟ್, ನಡುವೆ ರೌಟರುಗಳಿರುವ ಡೊಮೇನಿಗೆ ಅದೇ ತಲೆನೋವಾಯಿತು.

ಹುದ್ದೆಗಳು ಮತ್ತು ಹೆಸರುಗಳು

ನೆಟ್‌ಬಯಾಸ್ ಹೆಸರಿಗೆ ಹದಿನಾರು ಬೈಟುಗಳ ಜಾಗ. ಮೊದಲ ಹದಿನೈದು ಹೆಸರಿಗೆ, ಕೊನೆಯದು ಆ ಹೆಸರು ಯಾವ ಕೆಲಸಕ್ಕೆ ಎಂದು ಹೇಳುವ ಪ್ರತ್ಯಯ. ಡೊಮೇನಿನ ಹೆಸರಿಗೆ 1ಬಿ ಪ್ರತ್ಯಯ ಹಚ್ಚಿಕೊಂಡ ಯಂತ್ರ ಡೊಮೇನ್ ಮಾಸ್ಟರ್ ಬ್ರೌಸರ್. 1ಡಿ ಹಚ್ಚಿಕೊಂಡದ್ದು ಆ ಸಬ್‌ನೆಟ್ಟಿನ ಮಾಸ್ಟರ್ ಬ್ರೌಸರ್. 1ಸಿ ಎಂಬುದು ಡೊಮೇನ್ ಕಂಟ್ರೋಲರುಗಳ ಗುಂಪಿನ ಹೆಸರು. 1ಇ ಚುನಾವಣೆಯ ಕೂಗು ಕೇಳಬೇಕಾದವರ ಗುಂಪು. ಹೆಸರಿನ ಕೊನೆಯ ಈ ಒಂದು ಬೈಟನ್ನು ಓದಲು ಬಂದರೆ ಸಂಘರ್ಷದ ಅರ್ಧ ಕಥೆ ತಿಳಿದಂತೆ.

ಡೊಮೇನ್ ಮಾಸ್ಟರ್ ಹುದ್ದೆಗೆ ಚುನಾವಣೆ ಇಲ್ಲ. ಎನ್‌ಟಿ ಕಾಲದಲ್ಲಿ ಅದು ಪ್ರೈಮರಿ ಡೊಮೇನ್ ಕಂಟ್ರೋಲರಿಗೆ (ಪಿಡಿಸಿ) ಮೀಸಲು. 2000ದಲ್ಲಿ ಆಕ್ಟಿವ್ ಡೈರೆಕ್ಟರಿ ಬಂದ ಮೇಲೆ ಪಿಡಿಸಿ ಎಮ್ಯುಲೇಟರ್ ಎಂಬ ಹೊಣೆ ಹೊತ್ತ ಡೊಮೇನ್ ಕಂಟ್ರೋಲರಿಗೆ ಅದು ವರ್ಗವಾಯಿತು. ಚುನಾವಣೆ ನಡೆಯುವುದು ಸಬ್‌ನೆಟ್ ಮಟ್ಟದಲ್ಲಿ. ಪ್ರತಿ ಸಬ್‌ನೆಟ್ಟಿನ ಮಾಸ್ಟರ್ ತನ್ನ ಪಟ್ಟಿಯನ್ನು ಡೊಮೇನ್ ಮಾಸ್ಟರಿಗೆ ಒಪ್ಪಿಸಿ, ಇಡೀ ಡೊಮೇನಿನ ಪಟ್ಟಿಯನ್ನು ಅಲ್ಲಿಂದ ತಂದುಕೊಳ್ಳುತ್ತದೆ. ಮಾಸ್ಟರಿನ ಕೈಕೆಳಗೆ ಬ್ಯಾಕಪ್ ಬ್ರೌಸರುಗಳಿರುತ್ತವೆ. ಸ್ಥೂಲವಾಗಿ ಪ್ರತಿ 32 ಯಂತ್ರಗಳಿಗೆ ಒಂದರಂತೆ. ಬಳಕೆದಾರ ಪಟ್ಟಿ ತೆರೆದಾಗ ಅವನ ಯಂತ್ರ ಬ್ಯಾಕಪ್ ಬ್ರೌಸರುಗಳ ಹೆಸರನ್ನು ಮಾಸ್ಟರಿನಿಂದ ಕೇಳಿಕೊಂಡು, ಅವುಗಳಲ್ಲೊಂದರಿಂದ ಪಟ್ಟಿ ಪಡೆಯುತ್ತದೆ. ಪಕ್ಕಪಕ್ಕದ ಮೇಜಿನ ಇಬ್ಬರಿಗೆ ಬೇರೆ ಬೇರೆ ಪಟ್ಟಿ ಕಾಣಲು ಇದೇ ಕಾರಣ.

ಕಾಲದ ಲೆಕ್ಕವನ್ನು ಇಲ್ಲೇ ಹೇಳಿಬಿಡಬೇಕು, ಏಕೆಂದರೆ ಸಂಘರ್ಷವಿಲ್ಲದ ಕಡೆ ಸಂಘರ್ಷ ಕಾಣುವವರು ಎಡವುವುದು ಇಲ್ಲಿ. ಚಾಲೂ ಆದ ಯಂತ್ರ ಮೊದಲು ಕೆಲವು ನಿಮಿಷಗಳ ಅಂತರದಲ್ಲಿ, ಆಮೇಲೆ 12 ನಿಮಿಷಕ್ಕೊಮ್ಮೆ ‘ನಾನಿದ್ದೇನೆ’ ಎಂದು ಸಾರುತ್ತದೆ. ಮೂರು ಬಾರಿ ಸಾರದಿದ್ದರೆ ಮಾಸ್ಟರ್ ಅದರ ಹೆಸರನ್ನು ಹೊಡೆದುಹಾಕುತ್ತದೆ. ಅಂದರೆ 36 ನಿಮಿಷ. ಬ್ಯಾಕಪ್ ಬ್ರೌಸರ್ ಹೊಸ ಪಟ್ಟಿ ತರುವುದು 15 ನಿಮಿಷಕ್ಕೊಮ್ಮೆ. ಎರಡನ್ನೂ ಕೂಡಿದರೆ, ತಂತಿ ಕಿತ್ತುಹಾಕಿದ ಯಂತ್ರ ಅದೇ ಸಬ್‌ನೆಟ್ಟಿನ ಪಟ್ಟಿಯಲ್ಲಿ 51 ನಿಮಿಷದವರೆಗೆ ‘ಜೀವಂತ’ವಾಗಿರಬಹುದು. ಸಬ್‌ನೆಟ್ ದಾಟಿದ ಪಟ್ಟಿಗೆ ಇನ್ನೂ ಹೆಚ್ಚು ತಡ. ಸತ್ತ ಯಂತ್ರ ಪಟ್ಟಿಯಲ್ಲಿರುವುದು, ಹೊಸ ಯಂತ್ರ ಕಾಣದಿರುವುದು ಇವು ತಮ್ಮಷ್ಟಕ್ಕೇ ರೋಗವಲ್ಲ. ಒಂದು ಗಂಟೆ ಕಳೆದರೂ ಹಾಗೇ ಇದ್ದರೆ ಮಾತು ಬೇರೆ.

ಚುನಾವಣೆ

ಚುನಾವಣೆಗೆ ಕರೆ ಬರುವ ಸಂದರ್ಭಗಳು ಕೆಲವೇ. ಮಾಸ್ಟರನ್ನು ಹುಡುಕಿದ ಯಂತ್ರಕ್ಕೆ ಮೂರು ಸಲವೂ ಉತ್ತರ ಸಿಗದಿರುವುದು, ಬ್ಯಾಕಪ್ ಬ್ರೌಸರಿಗೆ ಮಾಸ್ಟರ್ ಸಿಗದಿರುವುದು, ಡೊಮೇನ್ ಕಂಟ್ರೋಲರ್ ಚಾಲೂ ಆಗುವುದು, ಇದ್ದ ಮಾಸ್ಟರ್ ಕ್ರಮವಾಗಿ ಮುಚ್ಚಿಕೊಳ್ಳುವುದು. ಕರೆ ಕೊಟ್ಟ ಯಂತ್ರ ತನ್ನ ಅರ್ಹತೆಯನ್ನು ಸಂಖ್ಯೆಯ ರೂಪದಲ್ಲಿ ಸಾರುತ್ತದೆ. ಕೇಳಿದವರಲ್ಲಿ ಹೆಚ್ಚು ಅರ್ಹರು ಉತ್ತರ ಕೊಡುತ್ತಾರೆ, ಕಡಿಮೆಯವರು ಬಾಯಿ ಮುಚ್ಚಿಕೊಳ್ಳುತ್ತಾರೆ.

ಅರ್ಹತೆ ಎಂಬುದು 32 ಬಿಟ್‌ಗಳ ಒಂದು ಸಂಖ್ಯೆ. ಅದರ ಮೇಲಿನ ಬೈಟ್ ಕಾರ್ಯಾಚರಣ ವ್ಯವಸ್ಥೆಯದು: ಎನ್‌ಟಿ ಸರ್ವರಿಗೆ 32, ಎನ್‌ಟಿ ವರ್ಕ್‌ಸ್ಟೇಷನ್ನಿಗೆ 16, ವಿಂಡೋಸ್ ಫಾರ್ ವರ್ಕ್‌ಗ್ರೂಪ್ಸ್ ಮತ್ತು ವಿಂಡೋಸ್ 95ಕ್ಕೆ 1. ನಡುವಿನ ಎರಡು ಬೈಟ್ ಚುನಾವಣಾ ನಿಯಮದ ಆವೃತ್ತಿ. ಕೆಳಗಿನ ಬೈಟಿನಲ್ಲಿ ಪಿಡಿಸಿ ಹೌದೇ, ಹೆಸರುಗಳ ಐಪಿ ವಿಳಾಸ ತಿಳಿಸುವ ವಿನ್ಸ್ ಸರ್ವರನ್ನು ಬಳಸುತ್ತಿದೆಯೇ, ಈಗಾಗಲೇ ಮಾಸ್ಟರೇ, ಬ್ಯಾಕಪ್ಪೇ ಎಂಬ ಗುರುತುಗಳು. ಸಂಖ್ಯೆ ಸಮವಾದರೆ ಹೆಚ್ಚು ಹೊತ್ತಿನಿಂದ ಚಾಲೂ ಇರುವ ಯಂತ್ರಕ್ಕೆ ಗೆಲುವು. ಅದೂ ಸಮವಾದರೆ ಅಕ್ಷರಮಾಲೆಯಲ್ಲಿ ಮೊದಲು ಬರುವ ಹೆಸರಿಗೆ. ಉತ್ತರಿಸುವ ಮುನ್ನ ಕಾಯುವ ಹೊತ್ತೂ ಗೊತ್ತುಪಡಿಸಿದ್ದೇ: ಮಾಸ್ಟರ್ ಮತ್ತು ಪಿಡಿಸಿ 100 ಮಿಲಿಸೆಕೆಂಡ್, ಬ್ಯಾಕಪ್‌ಗಳು 200ರಿಂದ 600, ಉಳಿದವು 800ರಿಂದ 3000. ಹೀಗೆ ಪ್ರಬಲರ ಉತ್ತರ ಮೊದಲು ಕೇಳಿಸಿ ದುರ್ಬಲರು ಮಾತೇ ಆಡದೆ ಉಳಿಯುತ್ತಾರೆ. ಗೆದ್ದದ್ದು 1ಡಿ ಹೆಸರನ್ನು ನೋಂದಾಯಿಸಿಕೊಳ್ಳುತ್ತದೆ, ಕೈಯಲ್ಲಿ ಪಟ್ಟಿ ಖಾಲಿಯಿದ್ದರೆ ಎಲ್ಲರೂ ಹಾಜರಿ ಹೇಳಿ ಎಂದು ಕರೆ ಕೊಡುತ್ತದೆ.

ನಿಯಮ ಇಷ್ಟು ನೇರ. ಆದರೆ ಅದು ಮೌನವನ್ನು ಸಮ್ಮತಿ ಎಂದು ಓದುತ್ತದೆ. ಉತ್ತರ ಬಾರದಿದ್ದರೆ ಎದುರಾಳಿ ಇಲ್ಲ ಎಂದೇ ಅರ್ಥ. ಎದುರಾಳಿ ಇದ್ದೂ ಕೇಳಿಸದಿರಬಹುದು ಎಂಬ ಸಾಧ್ಯತೆಗೆ ನಿಯಮದಲ್ಲಿ ಜಾಗವೇ ಇಲ್ಲ. ಇನ್ನೊಂದು ಮಾತು: ಚುನಾವಣೆ ಪ್ರತಿ ಡೊಮೇನ್ ಹೆಸರಿಗೆ, ಪ್ರತಿ ಸಬ್‌ನೆಟ್ಟಿಗೆ, ಪ್ರತಿ ಸಂವಹನ ನಿಯಮಕ್ಕೆ ಪ್ರತ್ಯೇಕ. ನೆಟ್‌ಬ್ಯೂಯಿ, ಐಪಿಎಕ್ಸ್, ಟಿಸಿಪಿ/ಐಪಿ ಮೂರನ್ನೂ ಹಾಕಿಕೊಂಡ ಹಳೆಯ ಕಚೇರಿಗಳಲ್ಲಿ ಒಂದೇ ಕೇಬಲ್ಲಿನ ಮೇಲೆ ಮೂರು ಚುನಾವಣೆ ನಡೆದು ಮೂರು ಮಾಸ್ಟರುಗಳು ಆಳುತ್ತಿದ್ದುದುಂಟು. ಅದು ಸಂಘರ್ಷವಲ್ಲ, ವ್ಯವಸ್ಥೆಯೇ ಹಾಗೆ.

ಸಂಘರ್ಷದ ಮೂಲಗಳು

ಎಲ್ಲಕ್ಕಿಂತ ಹಳೆಯದು, ಇಂದಿಗೂ ಮೊದಲು ನೋಡಬೇಕಾದದ್ದು, ತಪ್ಪು ಸಬ್‌ನೆಟ್ ಮಾಸ್ಕ್. ಜಾಲದ ಎಲ್ಲ ಯಂತ್ರಗಳ ಮಾಸ್ಕ್ 255.255.255.0 ಇದ್ದು, ವಿಳಾಸ 192.168.5.20 ಇರುವ ಒಂದು ಯಂತ್ರಕ್ಕೆ ಯಾರೋ 255.255.0.0 ಎಂದು ತುಂಬಿದ್ದಾರೆ ಎನ್ನೋಣ. ಮಿಕ್ಕವರು ಡಂಗುರ ಹೊಡೆಯುವುದು 192.168.5.255 ವಿಳಾಸಕ್ಕೆ. ಈ ಒಂದು ಯಂತ್ರದ ದೃಷ್ಟಿಯಲ್ಲಿ ಅದು ಯಾರದೋ ಸಾಮಾನ್ಯ ವಿಳಾಸ. ಅದರ ಡಂಗುರದ ವಿಳಾಸ 192.168.255.255. ತಂತಿಯ ಮೇಲೆ ಎಲ್ಲರ ಮಾತೂ ಎಲ್ಲರನ್ನೂ ತಲುಪುತ್ತದೆ, ಆದರೆ ಐಪಿ ಪದರದಲ್ಲಿ ‘ಇದು ನನಗಲ್ಲ’ ಎಂದು ಬಿದ್ದುಹೋಗುತ್ತದೆ. ಒಂಟಿಯಾದ ಆ ಯಂತ್ರ ಚುನಾವಣೆ ಕರೆದು, ಯಾರೂ ಉತ್ತರಿಸದ ಕಾರಣ ತಾನೇ ಗೆದ್ದು ಮಾಸ್ಟರ್ ಆಗುತ್ತದೆ. ಆಮೇಲೆ ವಿನ್ಸ್ ಸರ್ವರಿನಿಂದ ಡೊಮೇನ್ ಮಾಸ್ಟರಿನ ವಿಳಾಸ ಪಡೆದು ಅದಕ್ಕೆ ನೇರವಾಗಿ ಸಂದೇಶ ಕಳಿಸುತ್ತದೆ. ಡಂಗುರಕ್ಕೆ ಅಡ್ಡಬಂದ ಮಾಸ್ಕ್ ನೇರ ಸಂದೇಶಕ್ಕೆ ಅಡ್ಡಬರುವುದಿಲ್ಲ. ಒಂದೇ ಸಬ್‌ನೆಟ್ಟಿಗೆ ಇಬ್ಬರು ಒಡೆಯರು ಎಂಬುದು ಸರ್ವರಿಗೆ ಗೊತ್ತಾಗುವುದು ಹೀಗೆ. ಅಂತರ್ಜಾಲ, ಮೇಲ್, ಕಡತ ಎಲ್ಲ ಸರಿಯಾಗಿಯೇ ಓಡುವುದರಿಂದ ಆ ಯಂತ್ರದ ಮುಂದೆ ಕೂತವರು ದೂರು ಕೊಡುವುದಿಲ್ಲ.

ಎರಡನೆಯ ಮೂಲ ರೌಟರುಗಳಲ್ಲಿದೆ. ಜಾಲತಜ್ಞರೂ ಇದನ್ನು ಮರೆಯುತ್ತಾರೆ. ಬೇರೆ ಸಬ್‌ನೆಟ್ಟಿನಲ್ಲಿರುವ ಡಿಎಚ್‌ಸಿಪಿ ಸರ್ವರಿಗೆ ವಿಳಾಸದ ಕೋರಿಕೆ ದಾಟಿಸಲೆಂದು ಸಿಸ್ಕೊ ರೌಟರುಗಳಲ್ಲಿ ಹೆಲ್ಪರ್ ವಿಳಾಸ ಕೊಡುವುದು ವಾಡಿಕೆ. ಆ ಆಜ್ಞೆ ದಾಟಿಸುವುದು ಡಿಎಚ್‌ಸಿಪಿ ಒಂದನ್ನೇ ಅಲ್ಲ. ಬೇರೆ ಏನೂ ಹೇಳದಿದ್ದರೆ ಟಿಎಫ್‌ಟಿಪಿ, ಡಿಎನ್‌ಎಸ್ ಮೊದಲಾದವುಗಳ ಜೊತೆಗೆ ಯುಡಿಪಿ 137 ಮತ್ತು 138ರ ಡಂಗುರವನ್ನೂ ದಾಟಿಸುತ್ತದೆ. ಡಿಎಚ್‌ಸಿಪಿ ಸೇವೆ ಪಿಡಿಸಿಯ ಮೇಲೇ ಇದ್ದರೆ, ಮೂರನೆಯ ಮಹಡಿಯ ಮಾಸ್ಟರಿನ ಘೋಷಣೆ ನೆಲಮಹಡಿಯ ಪಿಡಿಸಿಗೆ ತನ್ನದೇ ಅಂಗಳದಲ್ಲಿ ಕೂಗಿದಂತೆ ಕೇಳುತ್ತದೆ. ಪಿಡಿಸಿ ಕೆರಳಿ ಚುನಾವಣೆ ಕರೆಯುತ್ತದೆ. ಆ ಕರೆ ಮೇಲಿನ ಮಹಡಿಗೆ ಹೋಗುವುದೇ ಇಲ್ಲ, ಏಕೆಂದರೆ ದಾರಿ ಒಮ್ಮುಖ. ಹನ್ನೆರಡು ನಿಮಿಷ ಕಳೆದರೆ ಮತ್ತೆ ಅದೇ ಘೋಷಣೆ, ಮತ್ತೆ 8003. ದೂರಿನಲ್ಲಿ ಕಾಣುವ ಯಂತ್ರ ಬೇರೆ ಸಬ್‌ನೆಟ್ಟಿನದಾಗಿದ್ದರೆ ಇದನ್ನೇ ಶಂಕಿಸಬೇಕು. ಆ ಎರಡು ಪೋರ್ಟುಗಳನ್ನು ದಾಟಿಸಬೇಡ ಎಂದು ರೌಟರಿಗೆ ಹೇಳುವುದು ಮದ್ದು.

ಮೂರನೆಯದು ಒಂದಕ್ಕಿಂತ ಹೆಚ್ಚು ಜಾಲಕಾರ್ಡುಗಳ ಯಂತ್ರ. ಬ್ರೌಸರ್ ಸೇವೆ ಪ್ರತಿ ಕಾರ್ಡನ್ನೂ ಬೇರೆ ಜಾಲವೆಂದು ಎಣಿಸುತ್ತದೆ, ಒಂದರ ಪಟ್ಟಿಯನ್ನು ಇನ್ನೊಂದಕ್ಕೆ ಬೆರೆಸುವುದಿಲ್ಲ. ಪಿಡಿಸಿಗೇ ಎರಡು ಕಾರ್ಡುಗಳಿದ್ದರೆ, ಅಥವಾ ಅದರ ಮೇಲೆಯೇ ದೂರಸಂಪರ್ಕದ ಡಯಲ್-ಅಪ್ ಇಲ್ಲವೇ ವಿಪಿಎನ್ ಸೇವೆ ನಡೆಸುತ್ತಿದ್ದರೆ, 1ಬಿ ಹೆಸರು ತಪ್ಪು ವಿಳಾಸದೊಂದಿಗೆ ವಿನ್ಸ್‌ನಲ್ಲಿ ಕೂರಬಹುದು. ಆಗ ಡೊಮೇನ್ ಮಾಸ್ಟರ್ ಇದ್ದೂ ಇಲ್ಲದಂತೆ. ಪಿಡಿಸಿಗೆ ಒಂದೇ ಕಾರ್ಡು, ಒಂದೇ ವಿಳಾಸ ಎಂಬ ಹಳೆಯ ಬುದ್ಧಿವಾದ ಹುಟ್ಟಿದ್ದು ಇಂಥ ಪೆಟ್ಟುಗಳಿಂದ. ಲ್ಯಾಪ್‌ಟಾಪುಗಳು ಇದರ ಚಿಕ್ಕ ರೂಪ: ತಂತಿಯೂ ವೈಫೈಯೂ ಒಟ್ಟಿಗೆ, ಜೊತೆಗೆ ವರ್ಚುವಲ್ ಯಂತ್ರಗಳ ತಂತ್ರಾಂಶ ಸೇರಿಸಿದ ಹುಸಿ ಕಾರ್ಡುಗಳು. ಮುಚ್ಚಳ ಮುಚ್ಚಿ ನಿದ್ದೆಗೆ ಹೋದಾಗ ಮಾಸ್ಟರ್ ಆಗಿದ್ದ ಲ್ಯಾಪ್‌ಟಾಪು ಎದ್ದಾಗಲೂ ಮಾಸ್ಟರ್ ಎಂದೇ ಭಾವಿಸುತ್ತದೆ. ಅಷ್ಟರಲ್ಲಿ ಗದ್ದುಗೆಯ ಮೇಲೆ ಬೇರೊಬ್ಬರು ಕೂತಿರುತ್ತಾರೆ. ಹಾಗೆ ಬರುವ ಒಂದೆರಡು 8003 ಚುನಾವಣೆಯಲ್ಲಿ ತಾನಾಗಿ ಬಗೆಹರಿಯುತ್ತವೆ, ಅವುಗಳ ಹಿಂದೆ ಬೀಳಬೇಕಿಲ್ಲ.

ಫೈರ್‌ವಾಲ್ ಕೂಡ ಇದೇ ಬಗೆಯ ಕಿವುಡುತನ ತರುತ್ತದೆ. ಒಳಬರುವುದನ್ನು ತಡೆದು ಹೊರಹೋಗುವುದನ್ನು ಬಿಡುವ ಫೈರ್‌ವಾಲ್ ಇರುವ ಯಂತ್ರಕ್ಕೆ ಬಾಯಿ ಇದೆ, ಕಿವಿ ಇಲ್ಲ. ಮೈಕ್ರೋಸಾಫ್ಟ್ ಇದನ್ನು ಮನಗಂಡಿತ್ತು: ಎಕ್ಸ್‌ಪಿ ಸರ್ವಿಸ್ ಪ್ಯಾಕ್ 2ರಿಂದ, ವಿಂಡೋಸ್‌ನದೇ ಫೈರ್‌ವಾಲಿನಲ್ಲಿ ಕಡತ ಹಂಚಿಕೆಗೆ ಅನುಮತಿ ಇಲ್ಲದಿದ್ದರೆ ಬ್ರೌಸರ್ ಸೇವೆ ತಾನಾಗಿ ನಿಂತುಬಿಡುತ್ತದೆ. ಬೇರೆ ಕಂಪನಿಗಳ ಫೈರ್‌ವಾಲುಗಳ ವಿಷಯದಲ್ಲಿ ಈ ರಕ್ಷಣೆ ಇಲ್ಲ.

ಇಲ್ಲಿಯವರೆಗೆ ಹೇಳಿದ್ದು ಕೇಳಿಸದೆ ಆದ ಜಗಳಗಳು. ಕೇಳಿಸಿಯೂ ಬಿಡದ ಒಂದು ಜಾತಿ ಇದೆ, ಅದು ಸಾಂಬಾ. ಆಂಡ್ರ್ಯೂ ಟ್ರಿಜೆಲ್ 1992ರ ಸುಮಾರಿಗೆ ಕ್ಯಾನ್‌ಬೆರಾದಲ್ಲಿ ಶುರುಮಾಡಿದ ಈ ತಂತ್ರಾಂಶ, ಯೂನಿಕ್ಸ್ ಮತ್ತು ಲಿನಕ್ಸ್ ಯಂತ್ರಗಳು ವಿಂಡೋಸ್ ಜಾಲದಲ್ಲಿ ಕಡತ ಸರ್ವರಾಗಿ ನಿಲ್ಲಲು ನೆರವಾಗುತ್ತದೆ. ಕಚೇರಿಯ ಮೂಲೆಯಲ್ಲಿ ಕೂತು ಜಾಲದ ಕಡತಗಳನ್ನು ಸಂಗ್ರಹಿಸುವ ನಾಸ್ ಪೆಟ್ಟಿಗೆಗಳ ಒಳಗೂ, 2011ಕ್ಕಿಂತ ಹಿಂದಿನ ಮ್ಯಾಕ್ ಯಂತ್ರಗಳ ಒಳಗೂ ಅದೇ. ಸಾಂಬಾದಲ್ಲಿ ಅರ್ಹತೆಯ ಮೇಲಿನ ಬೈಟನ್ನು ಬಳಕೆದಾರ ತನಗೆ ಬೇಕಾದಂತೆ ಬರೆದುಕೊಳ್ಳಬಹುದು. ಮೊದಲಿಗೆ ಇರುವ ಬೆಲೆ 20. ವರ್ಕ್‌ಸ್ಟೇಷನ್ನುಗಳ 16ನ್ನು ಗೆಲ್ಲುತ್ತದೆ, ಸರ್ವರುಗಳ 32ಕ್ಕೆ ಸೋಲುತ್ತದೆ. ಮರ್ಯಾದಸ್ಥ ಏರ್ಪಾಟು. ಆದರೆ ಅದನ್ನು 65ಕ್ಕೆ ಏರಿಸಿದರೆ ಸಾಂಬಾ ಎಲ್ಲರನ್ನೂ ಸೋಲಿಸುತ್ತದೆ, ಪಿಡಿಸಿಯನ್ನು ಸಹ. ಪಿಡಿಸಿ ಎಂಬ ಗುರುತು ಇರುವುದು ಕೆಳಗಿನ ಬೈಟಿನಲ್ಲಿ. ಮೇಲಿನ ಬೈಟಿನ ಮುಂದೆ ಅದರ ಆಟ ನಡೆಯುವುದಿಲ್ಲ. ಸೋತ ಪಿಡಿಸಿ ಸುಮ್ಮನಿರುವಂತೆಯೂ ಇಲ್ಲ, ಡೊಮೇನ್ ಮಾಸ್ಟರ್ ಹುದ್ದೆ ಅದರ ಹುಟ್ಟುಹಕ್ಕು. ಸಾಂಬಾ ಕಡತದಲ್ಲಿ ಡೊಮೇನ್ ಮಾಸ್ಟರ್ ಎಂಬುದಕ್ಕೂ ‘ಹೌದು’ ಎಂದು ಬರೆದಿದ್ದರೆ 1ಬಿ ಹೆಸರಿಗೇ ಕಿತ್ತಾಟ. ವಿಂಡೋಸ್ ಪಿಡಿಸಿ ಇರುವ ಕಡೆ ಹೀಗೆ ಮಾಡಬೇಡಿ, ಸಬ್‌ನೆಟ್ ದಾಟಿದ ಬ್ರೌಸಿಂಗ್ ವಿಚಿತ್ರವಾಗಿ ವರ್ತಿಸಬಹುದು ಎಂದು ಸಾಂಬಾದ ಕೈಪಿಡಿಯೇ ಎಚ್ಚರಿಸುತ್ತದೆ. ನಾಸ್ ಪೆಟ್ಟಿಗೆಯಲ್ಲಿ ಈ ಆಯ್ಕೆ ಒಂದು ಚೌಕಕ್ಕೆ ಗುರುತು ಹಾಕುವಷ್ಟು ಸುಲಭವಾಗಿದ್ದರೆ, ಕೈಪಿಡಿ ಓದದವರು ಗುರುತು ಹಾಕಿಯೇ ಹಾಕುತ್ತಾರೆ.

ಡೊಮೇನಿಗೆ ಸೇರಿಲ್ಲದ ಯಂತ್ರದ ವರ್ಕ್‌ಗ್ರೂಪ್ ಹೆಸರು ಡೊಮೇನ್ ಹೆಸರೇ ಆಗಿದ್ದರೆ ಅದೂ ಕಣಕ್ಕಿಳಿಯುತ್ತದೆ. ಚುನಾವಣೆಗೆ ಮತದಾರರ ಗುರುತಿನ ಚೀಟಿ ಇಲ್ಲ, ಹೆಸರು ಹೊಂದಿದರೆ ಸಾಕು. ಇನ್ನು ಪಿಡಿಸಿ ಹೊಣೆಯನ್ನು ಬಲವಂತವಾಗಿ ಬೇರೆ ಸರ್ವರಿಗೆ ಕೊಟ್ಟ ಮೇಲೆ, ಸತ್ತಿತೆಂದುಕೊಂಡಿದ್ದ ಹಳೆಯ ಸರ್ವರ್ ರಿಪೇರಿಯಾಗಿ ಮರಳಿದರೆ ಆಗುವ ಜಗಳ ಬ್ರೌಸಿಂಗಿನಷ್ಟಕ್ಕೆ ನಿಲ್ಲುವುದಿಲ್ಲ. ಅಲ್ಲಿ 8003 ದೊಡ್ಡ ಅನಾಹುತದ ಸಣ್ಣ ಮುನ್ಸೂಚನೆ.

ಪತ್ತೆ

ಮೊದಲು ಇದು ಬ್ರೌಸಿಂಗಿನ ತೊಂದರೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಪಟ್ಟಿಯಲ್ಲಿ ಕಾಣದ ಯಂತ್ರದ ಹೆಸರನ್ನು ಎರಡು ಓರೆಗೆರೆಗಳ ಮುಂದೆ ನೇರವಾಗಿ ಟೈಪಿಸಿದಾಗ ಅದು ತೆರೆದುಕೊಂಡರೆ ಹೆಸರು ಹುಡುಕುವ ವ್ಯವಸ್ಥೆ ಆರೋಗ್ಯವಾಗಿದೆ, ಪಟ್ಟಿಯ ವ್ಯವಸ್ಥೆ ಮಾತ್ರ ಕೆಟ್ಟಿದೆ. ತೆರೆದುಕೊಳ್ಳದಿದ್ದರೆ ರೋಗ ಬೇರೆ, ಈ ಲೇಖನದ ಮದ್ದು ಅದಕ್ಕಲ್ಲ. ‘ನೆಟ್ ವ್ಯೂ’ ಆಜ್ಞೆಗೆ 6118 ಎಂಬ ದೋಷಸಂಖ್ಯೆ ಬಂದರೆ ಪಟ್ಟಿ ಕೊಡುವವರೇ ಸಿಗಲಿಲ್ಲ ಎಂದರ್ಥ.

ಆಮೇಲೆ ಲಾಗ್. 8003 ಒಂಟಿಯಾಗಿ ಬರುವುದು ಕಡಿಮೆ. 8021 ಎಂದರೆ ಬ್ಯಾಕಪ್ ಬ್ರೌಸರಿಗೆ ಮಾಸ್ಟರಿನಿಂದ ಪಟ್ಟಿ ಸಿಗಲಿಲ್ಲ. 8032 ಎಂದರೆ ಹಲವು ಸಲ ಸೋತು ಅದು ಕೈಚೆಲ್ಲಿತು. 8009 ಎಂದರೆ ಮಾಸ್ಟರ್ ಆಗಲು ಹೊರಟ ಯಂತ್ರಕ್ಕೆ ಬಡ್ತಿ ಸಿಗಲಿಲ್ಲ; ಆ ಹೊತ್ತಿಗೆ ಮಾಸ್ಟರ್ ಎಂದು ನಂಬಿಕೊಂಡಿದ್ದವರ ಹೆಸರನ್ನೂ ಅದು ಕೊಡುತ್ತದೆ. 8015 ಮತ್ತು 8033 ಚುನಾವಣೆ ಕರೆದ ಸುದ್ದಿ ಮಾತ್ರ, ಸರ್ವರ್ ಚಾಲೂ ಆದಾಗ ಅಥವಾ ಮುಚ್ಚಿದಾಗ ಸಹಜ. ಇವೆಲ್ಲಕ್ಕಿಂತ ಉಪಯುಕ್ತವಾದದ್ದು, ಟಿಸಿಪಿ/ಐಪಿ ಮೇಲೆ ನೆಟ್‌ಬಯಾಸ್ ನಡೆಸುವ ನೆಟ್‌ಬಿಟಿ ಬರೆಯುವ 4321: ಇಂಥ ಹೆಸರನ್ನು ಇಂಥ ಪ್ರತ್ಯಯದೊಂದಿಗೆ ನೋಂದಾಯಿಸಲು ಇಂಥ ಐಪಿ ವಿಳಾಸದ ಯಂತ್ರ ಬಿಡಲಿಲ್ಲ ಎಂದು ಅದು ವಿಳಾಸಸಮೇತ ಹೇಳುತ್ತದೆ. ಪ್ರತ್ಯಯ 1ಡಿ ಇದ್ದರೆ ಜಗಳ ಸಬ್‌ನೆಟ್ಟಿನದು, 1ಬಿ ಇದ್ದರೆ ಇಡೀ ಡೊಮೇನಿನದು. ದೂರುಗಳ ನಡುವಿನ ಅಂತರವನ್ನೂ ನೋಡಬೇಕು. ಸರಿಯಾಗಿ 12 ನಿಮಿಷಕ್ಕೊಮ್ಮೆ ಬರುತ್ತಿದ್ದರೆ ಅದು ಎದುರಾಳಿಯ ನಿಯತ ಘೋಷಣೆಯ ತಾಳ, ಅಂದರೆ ಒಮ್ಮುಖ ಕೇಳುವಿಕೆ. ಬೆಳಿಗ್ಗೆ ಕಚೇರಿ ತೆರೆಯುವ ಹೊತ್ತಿಗೆ ಮಾತ್ರ ಬಂದು ನಿಲ್ಲುತ್ತಿದ್ದರೆ ಲ್ಯಾಪ್‌ಟಾಪುಗಳ ಕೆಲಸ.

ಎದುರಾಳಿಯ ಹೆಸರು ಸಿಕ್ಕಿತು, ಯಂತ್ರ ಎಲ್ಲಿದೆ ಗೊತ್ತಿಲ್ಲ. ದೊಡ್ಡ ಕಚೇರಿಯಲ್ಲಿ ನಿಜವಾದ ಕಷ್ಟ ಇದು. ‘ಎನ್‌ಬಿಟಿಸ್ಟ್ಯಾಟ್’ ಆಜ್ಞೆಗೆ ಆ ಹೆಸರು ಅಥವಾ ಐಪಿ ವಿಳಾಸ ಕೊಟ್ಟರೆ ಅದು ಹೊತ್ತಿರುವ ಎಲ್ಲ ಹೆಸರುಗಳೂ ಕೊನೆಗೆ ಅದರ ಮ್ಯಾಕ್ ವಿಳಾಸವೂ ಬರುತ್ತವೆ. ಆ ಪಟ್ಟಿಯಲ್ಲಿ 1ಡಿ ಇದ್ದರೆ ಕಳ್ಳ ಸಿಕ್ಕಂತೆ. ಮ್ಯಾಕ್ ವಿಳಾಸದ ಮೊದಲ ಮೂರು ಬೈಟುಗಳಿಂದ ತಯಾರಕರು ತಿಳಿಯುತ್ತಾರೆ, ಸ್ವಿಚ್ಚಿನ ಮ್ಯಾಕ್ ಕೋಷ್ಟಕದಿಂದ ಅದು ಯಾವ ಪೋರ್ಟಿಗೆ ಸಿಕ್ಕಿಸಿದೆ ಎಂಬುದು ತಿಳಿಯುತ್ತದೆ. ಅಲ್ಲಿಂದ ತಂತಿ ಹಿಡಿದು ನಡೆಯುವುದೊಂದೇ ಬಾಕಿ.

ಬ್ರೌಸಿಂಗಿಗೆಂದೇ ಇದ್ದ ಉಪಕರಣ ‘ಬ್ರೌಸ್ಟ್ಯಾಟ್’. ಮೈಕ್ರೋಸಾಫ್ಟಿನ ರಿಸೋರ್ಸ್ ಕಿಟ್ ಮತ್ತು ಸಪೋರ್ಟ್ ಟೂಲ್ಸ್‌ನಲ್ಲಿ ಬರುತ್ತಿತ್ತು. ಅದರ ಸ್ಟೇಟಸ್ ಆಯ್ಕೆ ಆ ಸಬ್‌ನೆಟ್ಟಿನ ಮಾಸ್ಟರ್ ಯಾರು, ಬ್ಯಾಕಪ್ ಯಾರು, ಪಟ್ಟಿಯಲ್ಲಿ ಎಷ್ಟು ಯಂತ್ರಗಳು ಎಂದು ಹೇಳುತ್ತದೆ. ಇದನ್ನು ಒಂದೇ ಕಡೆ ಓಡಿಸಿ ಸುಮ್ಮನಾಗಬಾರದು. ಒಂದೇ ಸಬ್‌ನೆಟ್ಟಿನ ಮೂರು ನಾಲ್ಕು ಯಂತ್ರಗಳಲ್ಲಿ ಓಡಿಸಿ ಉತ್ತರಗಳನ್ನು ಹೋಲಿಸಬೇಕು. ಎಲ್ಲರೂ ಒಬ್ಬನನ್ನೇ ಹೆಸರಿಸಿದರೆ ಸರಿ. ಬೇರೆ ಉತ್ತರ ಕೊಟ್ಟ ಯಂತ್ರವೇ ಕಿವುಡು. ಅದರ ಮಾಸ್ಕ್, ಫೈರ್‌ವಾಲ್, ಸ್ವಿಚ್ ಪೋರ್ಟಿನ ವಿಎಲ್ಯಾನ್ ಈ ಮೂರನ್ನು ನೋಡಿದರೆ ಬಹುಪಾಲು ಪ್ರಕರಣಗಳು ಮುಗಿಯುತ್ತವೆ. ಉಳಿದವಕ್ಕೆ ವೈರ್‌ಶಾರ್ಕ್ ಬೇಕು. ಬ್ರೌಸರ್ ಎಂಬ ಸೋಸುಪದ ಕೊಟ್ಟರೆ ಚುನಾವಣೆಯ ಪ್ರತಿ ಮಾತೂ ಅರ್ಹತಾ ಸಂಖ್ಯೆಯ ಒಂದೊಂದು ಬಿಟ್‌ನ ವಿವರದೊಂದಿಗೆ ಕಣ್ಣಮುಂದೆ ಬರುತ್ತದೆ. ಸಾಂಬಾದ ಏರಿಸಿದ ಬೈಟ್ ಅಲ್ಲಿ ಎದ್ದು ಕಾಣುತ್ತದೆ.

ವಿನ್ಸ್ ಸರ್ವರಿನಲ್ಲಿ 1ಡಿ ಹೆಸರನ್ನು ಹುಡುಕಿ ಸಿಗದೆ ಗಾಬರಿಯಾಗುವವರುಂಟು. ಅದು ಅಲ್ಲಿ ಇರುವುದೇ ಇಲ್ಲ. ಪ್ರತಿ ಸಬ್‌ನೆಟ್ಟಿಗೂ ಒಂದೊಂದು 1ಡಿ ಇರುವುದರಿಂದ, ನೋಂದಾಯಿಸಲು ಬಂದವರಿಗೆಲ್ಲ ವಿನ್ಸ್ ‘ಆಯಿತು’ ಎನ್ನುತ್ತದೆ, ಆದರೆ ಬರೆದುಕೊಳ್ಳುವುದಿಲ್ಲ. 1ಬಿ ಮಾತ್ರ ಬರೆದುಕೊಳ್ಳುತ್ತದೆ, ಅದರ ಮುಂದಿನ ವಿಳಾಸ ಪಿಡಿಸಿಯದೇ ಎಂದು ನೋಡಬೇಕು.

ಪರಿಹಾರ

ಕಾರಣ ತಿದ್ದದೆ ಚುನಾವಣೆ ಕರೆಯುವುದು ವ್ಯರ್ಥ. ಬ್ರೌಸ್ಟ್ಯಾಟ್‌ನಿಂದ ಬಲವಂತದ ಚುನಾವಣೆ ಮಾಡಿಸಬಹುದು, ಆದರೆ ಕಿವುಡ ಯಂತ್ರ ಆ ಕರೆಯನ್ನೂ ಕೇಳುವುದಿಲ್ಲ. ಮಾಸ್ಕ್ ತಿದ್ದಿ, ಹೆಲ್ಪರ್ ಪೋರ್ಟು ಮುಚ್ಚಿ, ಸಾಂಬಾದ ಅಂಕ ಇಳಿಸಿ, ಒಂದು ಗಂಟೆ ಕಾಯುವುದು ಸರಿಯಾದ ಕ್ರಮ.

ಮತ್ತೆ ತಲೆ ಎತ್ತದಂತೆ ನೋಡಿಕೊಳ್ಳಲು ಅಭ್ಯರ್ಥಿಗಳ ಸಂಖ್ಯೆ ಕಡಿಮೆ ಮಾಡಬೇಕು. ರಿಜಿಸ್ಟ್ರಿಯಲ್ಲಿ ಬ್ರೌಸರ್ ಸೇವೆಯ ಪ್ಯಾರಾಮೀಟರ್ಸ್ ಕೀಲಿಯಡಿ ‘ಮೇಂಟೇನ್‌ಸರ್ವರ್‌ಲಿಸ್ಟ್’ ಎಂಬ ಬೆಲೆಯನ್ನು ‘ನೋ’ ಮಾಡಿದರೆ ಆ ಯಂತ್ರ ಎಂದೂ ಚುನಾವಣೆಗೆ ನಿಲ್ಲುವುದಿಲ್ಲ. ಲ್ಯಾಪ್‌ಟಾಪು, ಸಾಮಾನ್ಯ ಮೇಜಿನ ಯಂತ್ರಗಳಿಗೆಲ್ಲ ಹೀಗೆ ಮಾಡಬಹುದು; ಬ್ರೌಸರ್ ಸೇವೆಯನ್ನೇ ಗ್ರೂಪ್ ಪಾಲಿಸಿಯಿಂದ ನಿಲ್ಲಿಸುವುದು ಇನ್ನೂ ಸುಲಭ. ಪಟ್ಟಿ ಓದಲು ಆ ಸೇವೆ ಬೇಕಿಲ್ಲ, ಪಟ್ಟಿ ಇಟ್ಟುಕೊಳ್ಳಲು ಮಾತ್ರ ಬೇಕು. ಡೊಮೇನ್ ಕಂಟ್ರೋಲರ್ ಇಲ್ಲದ ದೂರದ ಸಬ್‌ನೆಟ್ಟಿನಲ್ಲಿ ಮಾತ್ರ ಎಂದೂ ಮುಚ್ಚದ ಒಂದೆರಡು ಯಂತ್ರಗಳನ್ನು ಉಳಿಸಬೇಕು. ಅಂಥದಕ್ಕೆ ಆದ್ಯತೆ ಕೊಡಲು ಅದೇ ಕೀಲಿಯಡಿ ‘ಈಸ್‌ಡೊಮೇನ್‌ಮಾಸ್ಟರ್’ ಎಂಬ ಬೆಲೆಯನ್ನು ‘ಟ್ರೂ’ ಮಾಡುತ್ತಾರೆ. ಹೆಸರು ನೋಡಿ ಮೋಸಹೋಗಬಾರದು: ಅದು ಯಂತ್ರವನ್ನು ಡೊಮೇನ್ ಮಾಸ್ಟರ್ ಮಾಡುವುದಿಲ್ಲ, ಸಬ್‌ನೆಟ್ ಚುನಾವಣೆಯಲ್ಲಿ ಸ್ವಲ್ಪ ಮೇಲುಗೈ ಕೊಡುತ್ತದೆ, ಅಷ್ಟೆ. ಇಷ್ಟು ದಾರಿತಪ್ಪಿಸುವ ಹೆಸರು ವಿಂಡೋಸ್ ರಿಜಿಸ್ಟ್ರಿಯಲ್ಲಿ ಹೆಚ್ಚಿಲ್ಲ. ವಿನ್ಸ್ ಇಲ್ಲದ ಜಾಲದಲ್ಲಿ ದೂರದ ಮಾಸ್ಟರಿಗೆ ಪಿಡಿಸಿಯನ್ನು ತೋರಿಸಲು ಎಲ್‌ಎಂಹೋಸ್ಟ್ಸ್ ಕಡತವೇ ಗತಿ. ಅಲ್ಲಿ 1ಬಿ ಸಾಲು ಬರೆಯುವಾಗ ಡೊಮೇನ್ ಹೆಸರಿನ ಮುಂದೆ ಖಾಲಿ ಜಾಗ ತುಂಬಿ ಹದಿನೈದು ಅಕ್ಷರ ಮಾಡದಿದ್ದರೆ ಸಾಲು ಕೆಲಸ ಮಾಡುವುದಿಲ್ಲ.

ಸುರಕ್ಷತೆ ಮತ್ತು ಇಳಿಗಾಲ

ಹೆಸರು ಹೊಂದಿದವರೆಲ್ಲ ನಿಲ್ಲಬಹುದಾದ ಚುನಾವಣೆ ದಾಳಿಕೋರರಿಗೂ ತೆರೆದ ಬಾಗಿಲು. 2000ದ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಎಂಎಸ್00-036 ಎಂಬ ಪ್ರಕಟಣೆ ಹೊರಡಿಸಿ, ಬ್ರೌಸರನ್ನು ಹೊರಗಿನಿಂದ ನಿಲ್ಲಿಸುವ ಮತ್ತು ಸುಳ್ಳು ಘೋಷಣೆಗಳಿಂದ ಪಟ್ಟಿ ಉಬ್ಬಿಸುವ ಎರಡು ದೋಷಗಳಿಗೆ ತೇಪೆ ಹಾಕಿತು. 2011ರ ಫೆಬ್ರುವರಿಯಲ್ಲಿ ಬಯಲಾದದ್ದು ಇನ್ನೂ ಸೋಜಿಗದ್ದು. ಅತಿ ಉದ್ದದ ಹೆಸರುಳ್ಳ ಚುನಾವಣಾ ಕರೆ ಕಳಿಸಿದರೆ ಎದುರಿನ ಯಂತ್ರದ ಕರ್ನಲ್ ಕುಸಿಯುತ್ತಿತ್ತು. ದೋಷವಿದ್ದದ್ದು ಬ್ರೌಸರಿನ ತಪ್ಪುಗಳನ್ನು ಲಾಗಿನಲ್ಲಿ ಬರೆಯುವ ಭಾಗದಲ್ಲಿ. ದೂರು ಬರೆಯುವ ಗುಮಾಸ್ತನೇ ಕಳ್ಳನಿಗೆ ಕದ ತೆರೆದಂತಾಯಿತು. ಏಪ್ರಿಲಿನ ಎಂಎಸ್11-019 ಅದನ್ನು ಮುಚ್ಚಿತು.

ಅಷ್ಟರಲ್ಲಿ ಮೈಕ್ರೋಸಾಫ್ಟಿಗೂ ಈ ವ್ಯವಸ್ಥೆ ಬೇಡವಾಗಿತ್ತು. ವಿಸ್ಟಾದಿಂದ ಡಬ್ಲ್ಯುಎಸ್-ಡಿಸ್ಕವರಿ ಎಂಬ ಹೊಸ ದಾರಿ ಬಂತು. ಅದರಲ್ಲಿ ಯುಡಿಪಿ 3702ರ ಮೂಲಕ ಯಂತ್ರಗಳು ಪರಸ್ಪರ ನೇರವಾಗಿ ಕಂಡುಕೊಳ್ಳುತ್ತವೆ, ಮಾಸ್ಟರ್ ಇಲ್ಲ, ಚುನಾವಣೆ ಇಲ್ಲ. ಸರ್ವರ್ 2008ರಲ್ಲಿ ಬ್ರೌಸರ್ ಸೇವೆಯನ್ನು ಮೊದಲಿನಿಂದಲೇ ನಿಷ್ಕ್ರಿಯವಾಗಿ ಇಡಲಾಯಿತು. ಇದರಿಂದ ಪರಿವರ್ತನೆಯ ವರ್ಷಗಳಲ್ಲಿ ಹೊಸ ಬಗೆಯ ಸಂಘರ್ಷ ಹುಟ್ಟಿತು. ಹಳೆಯ 2003 ಸರ್ವರನ್ನು ತೆಗೆದು 2008ಕ್ಕೆ ಪಿಡಿಸಿ ಹೊಣೆ ವಹಿಸಿದ ಕಚೇರಿಗಳಲ್ಲಿ 1ಬಿ ಹೆಸರು ವಾರಸುದಾರರಿಲ್ಲದೆ ಉಳಿಯಿತು, ಎಕ್ಸ್‌ಪಿ ಯಂತ್ರಗಳೂ ನಾಸ್ ಪೆಟ್ಟಿಗೆಗಳೂ ಪ್ರತಿ ಸಬ್‌ನೆಟ್ಟಿನಲ್ಲಿ ತಂತಮ್ಮ ಪಾಳೆಯಪಟ್ಟು ಕಟ್ಟಿಕೊಂಡವು. ಹೊಸ ಪಿಡಿಸಿಯಲ್ಲಿ ಬ್ರೌಸರ್ ಸೇವೆಯನ್ನು ಕೈಯಾರೆ ಚಾಲೂ ಮಾಡಿದರೆ ಸರಿಹೋಗುತ್ತಿತ್ತು.

ಕೊನೆಯ ಪೆಟ್ಟು ಬಂದದ್ದು ವಿಂಡೋಸ್ ಕಡತ ಹಂಚಿಕೆಯ ಹಳೆಯ ನಿಯಮವಾದ ಎಸ್‌ಎಂಬಿ 1ರ ಮೂಲಕ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಒತ್ತೆಹಣದ ತಂತ್ರಾಂಶ ಆ ಹಳೆಯ ನಿಯಮದ ಬಿರುಕಿನಿಂದ ಜಗತ್ತಿನಾದ್ಯಂತ ನುಗ್ಗಿತು. ಅದೇ ವರ್ಷದ ಅಕ್ಟೋಬರಿನ ವಿಂಡೋಸ್ 10ರ 1709 ಆವೃತ್ತಿಯಿಂದ, ಹೊಸದಾಗಿ ಸ್ಥಾಪಿಸಿದ ಯಂತ್ರಗಳಲ್ಲಿ ಎಸ್‌ಎಂಬಿ 1 ಸಹಜವಾಗಿ ಬರುವುದು ನಿಂತಿತು. ಅದನ್ನು ನೆಚ್ಚಿದ್ದ ಬ್ರೌಸರ್ ಸೇವೆಯೂ ಜೊತೆಗೇ ಹೋಯಿತು. 2019ರಲ್ಲಿ ಸಾಂಬಾ 4.11 ಕೂಡ ಎಸ್‌ಎಂಬಿ 1ನ್ನು ಸಹಜ ಸ್ಥಿತಿಯಲ್ಲಿ ಮುಚ್ಚಿತು. ಹಳೆಯ ಸ್ಕ್ಯಾನರ್, ಕಾರ್ಖಾನೆಯ ನಿಯಂತ್ರಣ ಯಂತ್ರ, ಬದಲಿಸಲಾಗದ ಎಕ್ಸ್‌ಪಿ ಇಂಥವುಗಳಿಗಾಗಿ ಎಸ್‌ಎಂಬಿ 1ನ್ನು ಇಟ್ಟುಕೊಂಡಿರುವ ಜಾಲಗಳಲ್ಲಿ ಮಾತ್ರ ಸಂಘರ್ಷ ಇನ್ನೂ ತಲೆ ಎತ್ತಬಹುದು. ಅಲ್ಲಿ 8003 ಕಂಡರೆ ಮಾಸ್ಟರ್ ಯಾರೆಂದು ತೀರ್ಮಾನಿಸುವುದಕ್ಕಿಂತ, ಆ ಸಬ್‌ನೆಟ್ಟಿನಲ್ಲಿ ಎಸ್‌ಎಂಬಿ 1 ಮಾತಾಡುವ ಯಂತ್ರ ಯಾವುದು, ಅದನ್ನು ಬೇರೆ ವಿಎಲ್ಯಾನಿಗೆ ಹಾಕಲು ಬರುತ್ತದೆಯೇ ಎಂದು ನೋಡುವುದು ಮೊದಲ ಕೆಲಸ.